ಬಿಸಿಲು ಕಾಣದ ಚೀಲ

ಇವತ್ತು ಬೆಳಿಗ್ಗೆ ನನ್ನ ಚಹಾದಲ್ಲಿ ಒಂದು ನುಸಿ ತೇಲುತ್ತಿತ್ತು. ಬೆರಳಿನಿಂದ ತೆಗೆದು ಬಿಸಾಕಿ ಉಳಿದದ್ದನ್ನು ಕುಡಿದೆ. ಮೂಗು ಮುರಿಯಬೇಡಿ. ಜೋಳದ ಚೀಲಗಳ ಜೊತೆ ಒಂದೇ ಸೂರಿನಡಿ ಬದುಕುವವರು ಇಷ್ಟಕ್ಕೆಲ್ಲ ಚಹಾ ಚೆಲ್ಲುತ್ತ ಕೂತರೆ ಆಗುವುದಿಲ್ಲ. ಆದರೆ ಆ ನುಸಿ ಎಲ್ಲಿಂದ ಬಂತು ಎಂಬುದು ನನಗೆ ಗೊತ್ತಿತ್ತು. ಸಿಟ್ಟು ಬಂದದ್ದು ಅದಕ್ಕೆ. ಒಳಕೋಣೆಯ ಮೂಲೆಯಲ್ಲಿ, ಬಾಯಿಗೆ ಹಳದಿ ಬಟ್ಟೆ ಕಟ್ಟಿಸಿಕೊಂಡು, ಮೈತುಂಬ ಭಂಡಾರದ ಅರಿಶಿನ ಹಚ್ಚಿಸಿಕೊಂಡು ಕೂತಿದೆಯಲ್ಲ, ನಮ್ಮ ಮನೆದೇವರು ಬೀರಪ್ಪನ ಆ ಚೀಲದಿಂದ.

ನಾನು ವಲಾಂಡಿಯವಳು. ದಾಳಿಂಬ ಎಂಬ ಈ ಊರಿಗೆ ಸೊಸೆಯಾಗಿ ಬಂದಾಗ ತವರಿನಿಂದ ತಂದ ಒಂದೇ ವಿದ್ಯೆ ಎಂದರೆ ಕಾಳು ಕಾಯುವುದು. ಬೇಸಿಗೆಯ ಬಿಸಿಲಿಗೆ ಜೋಳ ಹರವಬೇಕು. ಅಂಗಾಲು ಸುಡುವಷ್ಟು ಕಾದಾಗ ತಿರುವಿ ಹಾಕಬೇಕು. ಸಂಜೆ ಪೂರ್ತಿ ಆರಲು ಬಿಡಬೇಕು, ಇಲ್ಲದಿದ್ದರೆ ಚೀಲದೊಳಗೆ ಬೆವರಿ ಬೂಸ್ಟು ಹಿಡಿಯುತ್ತದೆ. ಆಮೇಲೆ ಒಣಗಿದ ಬೇವಿನ ಎಲೆ ಬೆರೆಸಿ ಬಾಯಿ ಹೊಲಿಯಬೇಕು. ಬೀಜದ ಜೋಳಕ್ಕೆ ಬೂದಿ. ಓಣಿಯ ಹೆಂಗಸರು ಬೆಳ್ಳುಳ್ಳಿ ಹಾಕು, ಕಡ್ಡಿಪೆಟ್ಟಿಗೆ ಇಡು, ಅಂಗಡಿಯ ಗುಳಿಗೆ ತಾ ಎಂದು ದಿನಕ್ಕೊಂದು ಹೇಳುತ್ತಾರೆ. ನಾನು ಕೇಳುವುದಿಲ್ಲ. ಕಾಳು ಒಣಗಿದೆಯೇ ಎಂದು ನೋಡಲು ನನಗೆ ಹಲ್ಲೇ ಸಾಕು, ಕಡಿದರೆ ಕಟಕ್ ಎನ್ನಬೇಕು. ಇದು ಎಂಥ ಚಟವಾಗಿದೆ ಎಂದರೆ, ಬೀಗರ ಮನೆಗೆ ಹೋದಾಗಲೂ ಕೈ ತಾನಾಗಿ ಅವರ ಚೀಲದೊಳಗೆ ಹೋಗುತ್ತದೆ.

ನನ್ನ ಗಂಡ ಒಮ್ಮೆ ದಾರಿಯುದ್ದಕ್ಕೂ ಬೈದಿದ್ದರು. “ನಿನ್ನ ಎಲ್ಲಿಗೂ ಕರ್ಕೊಂಡ್ ಹೋಗಬಾರ್ದು ನೋಡು. ಮಂದಿ ಚಹಾ ಕೊಟ್ರ ನೀ ಅವರ ಜ್ವಾಳಾ ತಿಂದಿ.”

ಬೀರಪ್ಪನ ಚೀಲದ ಮುಂದೆ ಮಾತ್ರ ಈ ವಿದ್ಯೆ ನಡೆಯುವುದಿಲ್ಲ. ರಾಶಿಯ ದಿನ ಮೊದಲು ತುಂಬುವುದು ಅದನ್ನೇ. ನಮ್ಮತ್ತೆ ತಾವೇ ಗಂಟು ಹಾಕುತ್ತಾರೆ. ಕುರಿ ಹೊಡೆದುಕೊಂಡು ಹೋದ ಮಗ ತಿರುಗಿ ಬಂದು, ತನ್ನ ಕೈಯಿಂದ ಗಂಟು ಬಿಚ್ಚಿ, ಅದರ ಮೊದಲ ರೊಟ್ಟಿ ದೇವರಿಗೆ ಎಡೆಯಾಗುವ ತನಕ ಯಾರೂ ಅದನ್ನು ಮುಟ್ಟುವ ಹಾಗಿಲ್ಲ. ಆ ಮಗ ಎಂದರೆ ನನ್ನ ಗಂಡ. ದೀಪಾವಳಿ ಮುಗಿಸಿಕೊಂಡು ನಿಲಂಗಾ, ಉದಗೀರ ದಾಟಿ ಹೋಗುತ್ತಾರೆ, ಮಳೆಗಾಲಕ್ಕೆ ಬರುತ್ತಾರೆ. ನೀವೇ ಹೇಳಿ: ಬಿಸಿಲಿದ್ದಾಗ ಅವರಿಲ್ಲ, ಅವರು ಬಂದಾಗ ಬಿಸಿಲಿಲ್ಲ. ಮನೆಯ ಚೀಲಗಳೆಲ್ಲ ಮಾಳಿಗೆ ಹತ್ತಿ ಮೈ ಕಾಯಿಸಿಕೊಂಡು ಇಳಿದು ಬಂದರೆ, ಇದೊಂದು ಮೂಲೆಯಲ್ಲಿ ತಂಪಾಗಿ ಕೂತು ನುಸಿಗೆ ಬಾಣಂತನ ಮಾಡುತ್ತಿರುತ್ತದೆ. ನುಸಿಗಳಿಗೆ ಇದು ದೇವರ ಚೀಲ, ಅದು ಮನೆಯ ಚೀಲ ಎಂಬ ಭೇದವಿಲ್ಲ. ನಾಲ್ಕು ಹೆಜ್ಜೆ ನಡೆದರೆ ನಮ್ಮ ವರ್ಷದ ಊಟ ಅವಕ್ಕೆ ಸಿಗುತ್ತದೆ.

ಒಂದು ಬೇಸಿಗೆಯಲ್ಲಿ ನನ್ನ ತಲೆ ಕೆಟ್ಟು, ಗಂಡನಿಗೆ ಫೋನು ಹಚ್ಚಿ ಅತ್ತೆಯ ಮುಂದೆ ಸ್ಪೀಕರಿಗೆ ಹಾಕಿದೆ.

“ಬಿಚ್ಚು ಅವ್ವಾ. ಬಿಸಿಲಿಗಿ ಹಾಕು. ನಾನೇ ಹೇಳ್ಲಕತ್ತೀನಿ,” ಎಂದರು ಅವರು.

ಅತ್ತೆ ಫೋನಿನ ಹತ್ತಿರ ಬಾಗಿ ಸಮಾಧಾನದಿಂದ ಹೇಳಿದರು, “ಫೋನ್‌ದಾಗ ಬಂದ್ರ ಬಂದಂಗ ಆಗಲ್ಲಪ್ಪಾ. ಮನಿಗಿ ಬಾ, ಕಾಲು ತೊಳಕೋ, ಆಮ್ಯಾಲ ಹೇಳು.”

ಆ ಮಳೆಗಾಲ ಗೋಡೆಯ ಮೇಲೆಲ್ಲ ನುಸಿ. ಮನೆಯ ಜೋಳವನ್ನೆಲ್ಲ ಫ್ಯಾನಿನ ಮುಂದೆ ಹರವಿಕೊಂಡು ಕೇರಿ ಕೇರಿ ನನ್ನ ಹೆಗಲು ಬಿದ್ದುಹೋಯಿತು. ಗಂಡ ಬಂದು ಗಂಟು ಬಿಚ್ಚಿದರೆ ಒಳಗಿದ್ದದ್ದು ಅರ್ಧ ಪೊಳ್ಳು, ಅರ್ಧ ಪುಡಿ. ಹಿಟ್ಟಿಗೆ ಜಿಗಿಯೇ ಇಲ್ಲ, ರೊಟ್ಟಿ ಬಡಿಯಲು ಹೋದರೆ ಹರಿಯುತ್ತದೆ. ಅತ್ತೆ ಅಂಗೈಯಗಲದ ರೊಟ್ಟಿ ಮಾಡಿ, ದೇವರಿಗೆ ಎಡೆ ಹಿಡಿದು, ಮಗನಿಗೆ ಬಡಿಸಿದರು. ಆ ಮಹಾರಾಯರು ತಿಂದು, “ಛಲೋ ಆಗ್ಯಾವ” ಎಂದರು. ನಾನು ತಾಟು ಕುಕ್ಕಿದ ಸದ್ದಿಗೆ ಹೊರಗೆ ನಾಯಿ ಎದ್ದು ಹೋಯಿತು.

“ಜಾವೂ ದೇ, ಬಿಡು,” ಎಂದರು ಗಂಡ, ನನ್ನ ಕಡೆ ನೋಡದೆ.

ನಾನು ಬಿಡಲಿಲ್ಲ. ಮರುದಿನವೇ ಬೀರಪ್ಪನ ಗುಡಿಗೆ ಹೋಗಿ ಪೂಜಾರಿಯನ್ನು ಕೇಳಿದೆ. ಅವರಿಗೆ ನಗು ಬಂತು. “ದೇವರಿಗಿ ಮೊದಲಿನ ರೊಟ್ಟಿ ಮುಟ್ಟಿದ್ರ ಸಾಕವ್ವಾ. ಮಗಾ ಬರೂತನಾ ಚೀಲಾ ಬಿಚ್ಚಬ್ಯಾಡ್ರಿ ಅಂತ ಅಂವಾ ಯಾವಾಗ ಹೇಳ್ಯಾನ? ಅದು ನಿಮ್ಮತ್ತಿ ಕಾನೂನು.”

ಕೋರ್ಟಿನಲ್ಲಿ ಗೆದ್ದವಳ ಹಾಗೆ ಮನೆಗೆ ಬಂದೆ. ಅತ್ತೆ ಅಂಗಳದಲ್ಲಿ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ಪೂಜಾರಿಯ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಅವರು ತಲೆ ಎತ್ತಲಿಲ್ಲ.

“ಖರೇ ಅದ. ದೇವರು ಏನೂ ಹೇಳಿಲ್ಲ,” ಎಂದರು. ಒಂದು ಮೊರ ಕೇರಿ ಮುಗಿಸಿ ಮತ್ತೆ ಹೇಳಿದರು, “ನಿಮ್ಮ ಮಾವ ತೀರಿಹ್ವಾದ ವರ್ಷ, ಅವರು ಬರೂಕಿಂತ ಮೊದಲೇ ಚೀಲಾ ಬಿಚ್ಚಿ ಬಿಸಿಲಿಗಿ ಹಾಕಿದ್ದೆ. ಛಲೋ ಬಿಸಿಲಿತ್ತು. ಜ್ವಾಳದಾಗ ಒಂದು ನುಸಿ ಇರ್ಲಿಲ್ಲ.”

ಮಾವ ಯೆಣೆಗೂರದ ಹತ್ತಿರ ಹೆದ್ದಾರಿಯಲ್ಲಿ ಕುರಿ ದಾಟಿಸುವಾಗ ಲಾರಿಗೆ ಸಿಕ್ಕು ತೀರಿಹೋದದ್ದು ನನಗೆ ಗೊತ್ತಿತ್ತು. ಕುರಿಗಳೆಲ್ಲ ಮನೆಗೆ ಬಂದವು, ಅವರು ಬರಲಿಲ್ಲ. ಇದನ್ನು ಊರೇ ನನಗೆ ಹೇಳಿತ್ತು. ಚೀಲದ ಸಂಗತಿಯನ್ನು ಯಾರೂ ಹೇಳಿರಲಿಲ್ಲ, ಅತ್ತೆ ಯಾರಿಗೂ ಹೇಳಿರಲಿಲ್ಲ. ಲಾರಿಗೂ ಜೋಳಕ್ಕೂ ಏನು ಸಂಬಂಧ? ಸಂಬಂಧವಿಲ್ಲ ಎಂದು ಅವರಿಗೂ ಗೊತ್ತಿರಬೇಕು. ಹಾಗೆಂದು ನನ್ನ ಸಿಟ್ಟು ಪೂರ್ತಿ ಇಳಿಯಿತು ಎಂದೇನೂ ತಿಳಿಯಬೇಡಿ. ಮನೆಯ ಜೋಳಕ್ಕೆ ಉಮರ್ಗಾದಿಂದ ಗಟ್ಟಿ ಮುಚ್ಚಳದ ಪತ್ರಾ ಕೋಠಿ, ಅಂದರೆ ತಗಡಿನ ಕಣಜ, ತರಿಸಿದೆ. ಬೀರಪ್ಪನ ಚೀಲದ ಸುತ್ತ ಬೂದಿ ಸುರಿದೆ. ಆ ಗಂಟಿನ ಸುದ್ದಿಗೆ ಮಾತ್ರ ಹೋಗಲಿಲ್ಲ.

ಈಗ ಮಧ್ಯಾಹ್ನ. ಕೋಠಿಯ ಜೋಳವನ್ನೆಲ್ಲ ಮಾಳಿಗೆಯ ಮೇಲೆ ಹರವಿ ಕಾವಲು ಕೂತಿದ್ದೇನೆ. ನುಸಿಯ ಪುರಾಣ ಹೇಳಿ ಬೈಯೋಣವೆಂದು ಗಂಡನಿಗೆ ಫೋನು ಮಾಡಿದೆ. ಉದಗೀರದ ಆಚೆ ಯಾರದೋ ಹೊಲದಲ್ಲಿದ್ದಾರಂತೆ. ಹಿಂದೆ ಕುರಿಗಳ ಸದ್ದು. ನಾನು ಬೈದದ್ದನ್ನೆಲ್ಲ ಕೇಳಿಸಿಕೊಂಡು, “ಒಂದು ಮಳಿ ಬೀಳ್ಲಿ, ಊರಿಗಿ ಹೊಂಡ್ತೀವಿ” ಎಂದರು.

ಕೆಳಗಿನಿಂದ ಅತ್ತೆ ಕೂಗಿದರು. “ಮೋಡ ಆಗ್ಯಾವೇನ ನೋಡವ್ವಾ.”

ಮೇಲೆ ನೋಡಿದೆ. ಒಂದು ತುಂಡು ಮೋಡವೂ ಇರಲಿಲ್ಲ. ವರ್ಷದ ಜೋಳವನ್ನು ಬಯಲಿಗೆ ಹರವಿಕೊಂಡು ಕೂತ ಹೆಂಗಸು ಮಳೆ ಬೇಡಬಾರದು. ನಾನು ಬೇಡಿದೆ.