ತಲೆಕೆಳಗಾಗಿ ನಿಂತ ಶಾಸನ

೨೦೧೮ರ ನವೆಂಬರ್ ೧೨, ಸೋಮವಾರ. ಆಧಾರ: ಆಸ್ಪತ್ರೆಯಿಂದ ಬಿಡುಗಡೆಯಾದ ಆ ದಿನ ಕೊಟ್ಟ ಚೀಟಿ. ಇಷ್ಟು ವರ್ಷಗಳ ಮೇಲೆ, ಕಳೆದ ವಾರ, ಹಳೆಯ ಕಡತವೊಂದರಲ್ಲಿ ಸಿಕ್ಕಿತು. ಅದರ ಅಂಚಿಗೆ ಹತ್ತಿದ್ದ ಮಸಿಯ ವಾಸನೆ ಇನ್ನೂ ಹೋಗಿರಲಿಲ್ಲ. ಚೀಟಿ ನಮ್ಮ ಪಡಿಯಚ್ಚಿನವರದು. ಮಧುಗಿರಿಯಿಂದ ಪಾವಗಡದವರೆಗೆ ಕಂಡ ಶಾಸನಗಳ ಮೇಲೆಲ್ಲ ಒದ್ದೆ ಕಾಗದ ಹರಡಿ, ಕುಂಚದಿಂದ ಬಡಿದು, ಮಸಿಯೊತ್ತಿ ಅಕ್ಷರ ಮೂಡಿಸುತ್ತಿದ್ದವರು ಅವರು. ಓದುವುದಷ್ಟೇ ನನ್ನ ಕೆಲಸವಾಗಿತ್ತು.

ಅವರ ಎಡಸೊಂಟದ ಕೃತಕ ಕೀಲು ಸಡಿಲಗೊಂಡು, ಅದು ಕೂರುವ ಗುಳಿಯ ಮೂಳೆ ಬಹುಪಾಲು ಸವೆದುಹೋಗಿತ್ತು. ದಾನಿಯ ಮೂಳೆ ತುಂಬಿ, ಲೋಹದ ಬಟ್ಟಲನ್ನು ತಿರುಪುಗಳಿಂದ ಬಿಗಿದು, ಎರಡನೆಯ ಬಾರಿ ಕೀಲು ಕೂರಿಸಿದ್ದರು. ಚೀಟಿಯ ಕೊನೆಯಲ್ಲಿ ವೈದ್ಯರ ಸೂಚನೆ: ಕುಕ್ಕರಗಾಲಲ್ಲಿ ಕೂರಕೂಡದು, ಬಗ್ಗಕೂಡದು. ಮೂವತ್ತು ವರ್ಷ ಕುಕ್ಕರಗಾಲಲ್ಲೇ ದುಡಿದವರಿಗೆ...

ಮದಲೂರಿನಾಚೆಯ ಸಣ್ಣ ಕೆರೆಯೊಂದರ ಅಂಗಳದಲ್ಲಿ ಒಂದು ಶಾಸನ ಮಲಗಿತ್ತು. ಹಿಂದೆ ಅವರೇ ತೆಗೆದ ಪಡಿಯಚ್ಚಿನಲ್ಲಿ ಕೊನೆಯ ನಾಲ್ಕು ಸಾಲು ಕಲೆಸಿಹೋಗಿದ್ದವು. ನೋವಿಗೆ ಕೈ ನಡುಗಿತ್ತೆಂದು ನನ್ನೊಬ್ಬನ ಬಳಿ ಹೇಳಿಕೊಂಡಿದ್ದರು. ಮರುವರ್ಷದ ಫೆಬ್ರವರಿಯಲ್ಲಿ ಕೆರೆಗೆ ನೀರು ಬಿಡುವ ಸುದ್ದಿ ಬಂತು. ಕಲ್ಲು ಮುಳುಗಿದರೆ ಆ ಸಾಲುಗಳೂ ಹೋದಂತೆಯೇ. ಅವರು ವಾಕರ್ ಊರಿಕೊಂಡು ಬಂದೇಬಿಟ್ಟರು; ಜೊತೆಗೆ ಹಗ್ಗ, ಹಾರೆ ಹಿಡಿದ ನಾಲ್ವರು ಕುರಿಗಾಹಿಗಳು.

“ನಾ ಬಗ್ಗಂಗಿಲ್ಲ ಅಂತ ತಾನೆ ಸಾ, ಡಾಕ್ಟ್ರು ಬರ್ದಿರೋದು? ಕಲ್ಲು ಎದ್ದು ನಿಂತ್ಕಬಾರ್ದು ಅಂತ ಎಲ್ಲಿ ಬರ್ದವ್ರೆ, ಓದಿ ನೋಡಾನ!”

ಕೊನೆಯ ಸಾಲುಗಳಿದ್ದದ್ದು ಕಲ್ಲಿನ ಬುಡದಲ್ಲಿ. ನೆಟ್ಟಗೆ ನಿಲ್ಲಿಸಿದರೂ ಬಗ್ಗಲೇಬೇಕು. ಆದ್ದರಿಂದ ಬುಡವನ್ನೇ ಮೇಲೆತ್ತಿಸಿದರು.

“ಅಕ್ಷರ ಉಲ್ಟಾ ಆಯ್ತವಲ್ಲಣ್ಣ!” ಎಂದ ಹಾರೆ ಹಿಡಿದವನು.

“ಕಾಗ್ದ ತಿರುಗ್ಸಿದ್ರೆ ನೆಟ್ಗಾಯ್ತವೆ ಬುಡ್ಲಾ. ಲೇ, ಅಂಗಲ್ಲ, ಮೆಲ್ಲಗೆ ಮೀಟು! ನಂದು ಹೊಸಾ ಸೊಂಟ, ನಿಮ್ದು ಹಳೇದು. ಹುಷಾರು!”

ನಾಲ್ಕು ಸಾಲುಗಳೂ ಅವರ ಎದೆಯ ಮಟ್ಟಕ್ಕೆ ಬಂದವು. ನಿಂತೇ ಕಾಗದ ಬಡಿದರು, ನಿಂತೇ ಮಸಿಯೊತ್ತಿದರು. ಒಂದಕ್ಷರವೂ ಕಲೆಸಲಿಲ್ಲ.

ಅವರು ತೀರಿಕೊಂಡು ಎರಡು ವರ್ಷವಾಯಿತು. ಹೊಸ ಕಲ್ಲು ಸಿಕ್ಕಿತೆಂದು ಯಾರಾದರೂ ಹೇಳಿದರೆ ಕೈ ಈಗಲೂ ಅವರ ಫೋನ್ ಸಂಖ್ಯೆ ಹುಡುಕುತ್ತದೆ...

ಅಂದು ಹಗ್ಗದ ಒಂದು ತುದಿ ಹಿಡಿದು ಎಳೆದವನು ನಾನೇ ಎಂದು ಹಲವು ಸಭೆಗಳಲ್ಲಿ ಹೇಳಿದ್ದೇನೆ, ನಂಬಿಯೂ ಇದ್ದೆ. ಚೀಟಿ ಸಿಕ್ಕ ಮೇಲೆ, ಕಲ್ಲೆತ್ತಿದ ದಿನದ ಟಿಪ್ಪಣಿಪುಸ್ತಕ ತೆರೆದು ತಾಳೆನೋಡಿದೆ. ನನ್ನದೇ ಕೈಬರಹದಲ್ಲಿದೆ: ‘ಅಪಾಯ. ಬೇಡವೆಂದೆ. ಕೇಳಲಿಲ್ಲ. ನಾನು ಜೀಪಿಗೆ ಹೋಗಿ ಕುಳಿತೆ.’