ಆರಾಮಾಗಿ ಕುಂದರ್ರಿ, ಅಬ್ಬಾ

ಮಾಸ್ತರ ಬಲ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಜೀನ್ಸ್ ಬಟ್ಟೆಯ ನೀಲಿ ಕೂತುಬಿಟ್ಟಿತ್ತು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಬಳ್ಳಾರಿಯ ಜೀನ್ಸ್ ಯೂನಿಟ್ ಒಂದರಲ್ಲಿ ಅವರು ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ತರು, ನಮ್ಮ ಎದುರು ಮನೆಯವರು. ಬೀದಿಯಲ್ಲಿ ಯಾರೇ ಸಿಕ್ಕರೂ ಮೊದಲು ಪ್ಯಾಂಟು ನೋಡುತ್ತಿದ್ದರು, ಆಮೇಲೆ ಮುಖ. ಪತ್ರಿಕೆಯಲ್ಲಿ ಕೆಲಸ ಮಾಡುವ ನನಗಂತೂ ಇದು ತಪ್ಪಿದ್ದಲ್ಲ: "ಏನಲೇ ಪೇಪರಿನವನ, ನಿನ್ನ ಸುದ್ದಿಗಿಂತ ನಿನ್ನ ಪ್ಯಾಂಟಿನ ಹೊಲಿಗೀನ ಸೊಟ್ಟ ಐತಲ್ಲೋ!"

ಹೆಂಡತಿ ತೀರಿಕೊಂಡ ಮೇಲೆ ಅವರು ಕೆಲಸಕ್ಕೆ ಹೋಗಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಮಗ ಒಳ್ಳೆಯವನು, ಚಹಾ, ಊಟ, ಬಿಸಿನೀರು ಎಲ್ಲವನ್ನೂ ಮಂಚಕ್ಕೇ ತಂದುಕೊಟ್ಟ. ತಂದೆ ಮಾತೂ ನಿಲ್ಲಿಸಿದಾಗ ಆಸ್ಪತ್ರೆಗೆ ಕರೆದೊಯ್ದ. ಜೊತೆಗೆ ನಾನೂ ಹೋಗಿದ್ದೆ. ಖಿನ್ನತೆ ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟರು. ಆಪ್ತಸಮಾಲೋಚಕಿ ಮಾಸ್ತರನ್ನು ಕೂರಿಸಿಕೊಂಡು ಹೇಳಿದರು: "ಮನಸ್ಸು ಬಂದಮ್ಯಾಲೆ ಏಳ್ತೀನಿ ಅನ್ನಬ್ಯಾಡ್ರಿ. ಮೊದ್ಲ ಏಳ್ರಿ, ಸಣ್ಣದೊಂದು ಕೆಲಸ ಹಿಡೀರಿ. ಮನಸ್ಸು ಹಿಂದಿಂದ ಬರತೈತಿ." ಮಗನ ಕಡೆ ತಿರುಗಿ, "ನೀವು ಎಲ್ಲಾ ಕೈಗೆ ತಂದುಕೊಟ್ರ ಅವರು ಯಾಕ ಏಳಬೇಕ್ರಿ?" ಎಂದರು.

ಬೆಳಿಗ್ಗೆ ಹಾಲು ತರುವುದು, ಆಮೇಲೆ ಉಳಿಕೆ ಜೀನ್ಸ್ ಬಟ್ಟೆಯಲ್ಲಿ ಕೈಚೀಲ ಕತ್ತರಿಸುವುದು ಎಂದು ಮಾಸ್ತರೇ ಆರಿಸಿಕೊಂಡರು. ಮೊದಮೊದಲು ಗೊಣಗುತ್ತಲೇ ಎದ್ದರು. "ಮನಸ್ಸು ಇನ್ನಾ ಬಸ್ ಸ್ಟ್ಯಾಂಡಿನಾಗ ಐತಿ, ನಾ ಒಬ್ಬನ ಬಂದೀನಿ" ಎಂದು ಹಾಲಿನ ಅಂಗಡಿಯವನನ್ನು ನಗಿಸಿದರು. ಸೊಸೆ ಚೀಲ ಹೊಲಿದಳು. ಬೀದಿಯ ಹೆಂಗಸರು ಕೇಳಿ ಒಯ್ದರು. ಒಂದು ದಿನ ನನ್ನ ಪ್ಯಾಂಟಿನ ಹೊಲಿಗೆಯನ್ನು ಮತ್ತೆ ಆಡಿಕೊಂಡರು. ಗುಣವಾದರು ಎಂದುಕೊಂಡೆ.

ಮನೆಯವರೂ ಹಾಗೇ ಅಂದುಕೊಂಡರು. ಆಗ ಕುರುಗೋಡಿನಿಂದ ಬಂದ ಸೊಸೆಯ ತಂದೆ, "ಈ ವಯಸ್ಸಿನಾಗ ನಿಮ್ಮ ಅಬ್ಬಾಗ ದುಡಿಯಾಕ ಹಚ್ಚೀರೇನು?" ಎಂದು ಅಳಿಯನನ್ನು ಕೇಳಿದರು. ಮರುದಿನ ಕತ್ತರಿ ಬೀರುವಿನ ಮೇಲೇರಿತು. ಹಾಲು ಮನೆಗೇ ಬರತೊಡಗಿತು. "ದುಡಿದಿದ್ದು ಸಾಕು, ಆರಾಮಾಗಿ ಕುಂದರ್ರಿ, ಅಬ್ಬಾ" ಎಂದ ಮಗ.

ಮಾಸ್ತರು ವಾದಿಸಲಿಲ್ಲ. "ಮಕ್ಕಳ ಮಾನಾನೂ ನೋಡಬೇಕಲ್ಲೋ" ಎಂದರು ನನಗೆ.

ಆಪ್ತಸಮಾಲೋಚಕಿಯ ಮಾತನ್ನು ಮಗನಿಗೆ ನೆನಪಿಸಿದೆ. "ಖರೆ ಐತಣ್ಣಾ. ಆದ್ರ ಮಂದಿಗೆ ಏನಂತ ಹೇಳ್ಲಿ?" ಎಂದ.

ಮಾಸ್ತರು ಮತ್ತೆ ಗೋಡೆಯ ಕಡೆ ತಿರುಗಿದರು. ಊಟ ಕಡಿಮೆಯಾಯಿತು. ಚಳಿಗಾಲದಲ್ಲಿ ಬಂದ ಜ್ವರವನ್ನು ತಡೆದುಕೊಳ್ಳುವ ಶಕ್ತಿ ಮೈಯಲ್ಲಿ ಉಳಿದಿರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಮಗ ಅಳುತ್ತ ಹೇಳಿದ: "ಕೊನೀತನಕ ಅಬ್ಬಾಗ ಒಂದು ಗ್ಲಾಸ್ ನೀರೂ ತಾವಾಗಿ ತಗೊಳ್ಳಾಕ ಬಿಡಲಿಲ್ಲ ನಾನು."

"ಮಗ ಅಂದ್ರ ಹಿಂಗಿರಬೇಕು" ಎಂದರು ಕೂತಿದ್ದವರೆಲ್ಲ. ನಾನೂ ತಲೆಯಾಡಿಸಿದೆ.