ಯಾವ ಸಿಂಪಲ್ಲು ಕಣಪ್ಪ?

ನಮ್ಮ ಗೌರತ್ತೆ ತಾನೇ ಕರೆದ ಹಾಲನ್ನೂ ಮೂಸಿ ನೋಡಿ ಕುಡಿಯುತ್ತಿದ್ದಳು. "ಹಸು ನಿಂದು, ಕೈ ನಿಂದು, ಚೊಂಬು ನಿಂದು, ಇನ್ಯಾರತ್ತೆ ಮೋಸ ಮಾಡ್ತಾರೆ?" ಅಂದರೆ, "ಹಸೂನೇ ಮಾಡ್ಬೋದು. ಎಲ್ಲಿ ಏನ್ ತಿಂದ್ಕೊಂಡ್ ಬಂದೈತೋ ಯಾರ್ ಕಂಡೋರು?" ಅನ್ನುವಳು. ಬಾಗಿಲಿಗೆ ಬಂದವರನ್ನು ಕಾಲಿನಿಂದ ನೋಡಲು ಶುರುಮಾಡಿ ನಿಧಾನವಾಗಿ ಮೇಲಕ್ಕೆ ಹೋಗುವಳು. ಅವಳ ಕಣ್ಣು ಮುಖಕ್ಕೆ ಬರುವಷ್ಟರಲ್ಲಿ, ಏನೂ ಕದಿಯದವರೂ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಅವಳು ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ದಂಡಿನಶಿವರದ ನಮ್ಮ ಮನೆಗೆ ಬಂದು ಸೇರಿದಳು. ನನ್ನವ್ವ ಹೋದಾಗ ನನ್ನನ್ನು ಮಡಿಲಿಗೆ ಹಾಕಿಕೊಂಡವಳೂ ಅವಳೇ. ಅವಳನ್ನು ಕೇಳದೆ ನಮ್ಮನೆ ಸಾರಿಗೆ ಒಗ್ಗರಣೆ ಬೀಳುತ್ತಿರಲಿಲ್ಲ. ಅಪ್ಪನಂತೂ ಅವಳಿಗೆ ಎದುರಾಡಿದವನೇ ಅಲ್ಲ.

ಅನುಮಾನ ಎಲ್ಲರ ಮೇಲೂ ಇತ್ತು, ಆದರೆ 'ಸಿಂಪಲ್' ಅನ್ನುವ ಇಂಗ್ಲಿಷ್ ಮಾತಿನ ಮೇಲೆ ಹಠ ಹಿಡಿದ ಅನುಮಾನ. ಗಂಡ ಸತ್ತ ಹೊಸತರಲ್ಲಿ ಮೈದುನ ಬಂದು, "ಸಿಂಪಲ್ ಅತ್ತಿಗೆ, ಒಂದ್ ಹೆಬ್ಬೆಟ್ಟು ಅಷ್ಟೆ" ಅಂದನಂತೆ. ಅತ್ತೆ ಒತ್ತಿದಳು, ಚಿಕ್ಕನಾಯಕನಹಳ್ಳಿ ಕಡೆಯ ತೋಟ ಕೈಬಿಟ್ಟು ಹೋಯಿತು. ಅಲ್ಲಿಂದಾಚೆಗೆ ಯಾರ ಬಾಯಲ್ಲಿ ಆ ಮಾತು ಬಂದರೂ ಸೊಂಟದ ಮೇಲೆ ಕೈಯಿಟ್ಟು, "ಯಾವ ಸಿಂಪಲ್ಲು ಕಣಪ್ಪ?" ಅನ್ನುವಳು. ಬ್ಯಾಂಕಿನವನು ಅಂತ ಹೇಳಿಕೊಂಡು ಯಾವನೋ ಫೋನ್ ಮಾಡಿ, "ಸಿಂಪಲ್ ಅಮ್ಮಾ, ಮೊಬೈಲಿಗೆ ಬಂದಿರೋ ನಂಬರ್ ಹೇಳಿ ಸಾಕು" ಅಂದಾಗ, ಅವನ ಊರು ಯಾವುದು, ಅಪ್ಪನ ಹೆಸರೇನು, ಅವನವ್ವನ ತವರು ಎಲ್ಲಿ ಅಂತೆಲ್ಲ ಕೇಳುತ್ತಾ ಹೋದಳು. ಕೊನೆಗೆ ಅವನೇ ಫೋನ್ ಇಟ್ಟ.

ನಾನು ತುರುವೇಕೆರೆಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಒಂದು ಸಂಜೆ ಅತ್ತೆ ತೆಂಗಿನ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತಾ ಕೂತಿದ್ದಾಗ ಆ ಮಾತಿನ ಪರ ವಕಾಲತ್ತು ಮಾಡಿದೆ. "ಅತ್ತೆ, ಅದಕ್ಕೆ ಒಂದೇ ಅರ್ಥ ಇಲ್ಲ. ಲೆಕ್ಕ ಸಿಂಪಲ್ ಅಂದ್ರೆ ಸುಲಭ. ಸೀರೆ ಸಿಂಪಲ್ ಅಂದ್ರೆ ಸಾದಾ. ಊಟ ಸಿಂಪಲ್ ಅಂದ್ರೆ ಬರೀ ಅನ್ನ ಸಾರು. ದೊಡ್ಡ ಮನುಷ್ಯರು ಸಿಂಪಲ್ ಅಂದ್ರೆ ಜಂಬ ಇಲ್ದೋರು. ಪೆದ್ದನಿಗೂ ಒಂದು ಕಾಲದಲ್ಲಿ ಅದೇ ಮಾತು."

"ಇನ್ನೂ ಎರಡು ಅರ್ಥ ಬುಟ್ಟೆ ನೀನು," ಅಂದಳು ತಲೆ ಎತ್ತದೆ. "ಕೈ ಬಿಚ್ಚದ ಜಿಪುಣನ್ದೂ ಸಿಂಪಲ್ಲೇ. ಒಳಗೆ ಏನೋ ಮುಚ್ಚಿಟ್ಕೊಂಡವ್ನೆ ಅನ್ನೋದೂ ಸಿಂಪಲ್ಲೇ. ಊರಿಗೊಂದು ಹೆಸರು ಇಟ್ಕೊಂಡು ತಿರುಗೋ ಮನ್ಷನ್ನ ನೀನು ನಂಬ್ತೀಯೇನೇ? ಮಾತ್ನ ಮಾತ್ರ ಯಾಕೆ ನಂಬ್ಬೇಕು?"

ಇಂಥವಳ ಮುಂದೆ ನನ್ನ ಮದುವೆಯ ಮಾತು ಬಂತು. ಹುಡುಗ ನೊಣವಿನಕೆರೆಯವನು, ಹೆಸರು ಲೋಕೇಶ. ತೆಂಗಿನ ತೋಟ ಇತ್ತು, ಜೊತೆಗೆ ಪಂಪ್‌ಸೆಟ್ ರಿಪೇರಿ. ನೋಡಲು ಬಂದ ದಿನ ಹಿತ್ತಲಲ್ಲಿ ಸ್ವಲ್ಪ ಹೊತ್ತು ಮಾತಾಡಿದ್ದೆವು. ನಾನು ಕೇಳಿದ್ದಕ್ಕೆ ಯೋಚಿಸಿ ಉತ್ತರ ಕೊಟ್ಟ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದ. ಸುಮ್ಮನೆ ಯಾಕೆ ಸುತ್ತಿಬಳಸಲಿ, ಆ ಹುಡುಗನೇ ಬೇಕು ಅನ್ನಿಸಿಬಿಟ್ಟಿತ್ತು. ಆದರೆ ಹುಡುಗನ ತಾಯಿ ನಂಜಮ್ಮ ಫೋನಿನಲ್ಲಿ ಅಪ್ಪನಿಗೆ ಅಂದರು: "ನಮ್ದು ಸಿಂಪಲ್ ಮನೆ ಕಣ್ರೀ. ಮದ್ವೇನೂ ಸಿಂಪಲ್ಲಾಗೇ ಮಾಡ್ಕೊಡಿ. ನಾವೇನೂ ಕೇಳಲ್ಲ."

ಗೌರತ್ತೆಯ ಕಿವಿ ನೆಟ್ಟಗಾಯಿತು. "ಏನೂ ಕೇಳಲ್ಲ ಅನ್ನೋರ್ನ ನಾವು ಎರಡ್ ಸಲ ಕೇಳ್ಬೇಕು. ನಡೀರಿ, ಮನೆ ನೋಡ್ಕೊಂಡ್ ಬರಾಣ."

ನೊಣವಿನಕೆರೆಯಲ್ಲಿ ಉಪ್ಪಿಟ್ಟು ಕೇಸರಿಬಾತ್ ಮುಂದಿಟ್ಟರು. ಅತ್ತೆ ತಟ್ಟೆ ಮುಟ್ಟಲಿಲ್ಲ. "ಅಟ್ಟ ಎಲ್ಲೈತವ್ವ?" ಅಂತ ನಂಜಮ್ಮನವರನ್ನು ಕೇಳಿದವಳೇ, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿಬಿಟ್ಟಳು. ನಮ್ಮ ಕಡೆ ಅಟ್ಟ ಅಂದರೆ ಮನೆಯ ಯೋಗ್ಯತೆ. ಸಿಪ್ಪೆ ಸಮೇತ ಕಾಯಿಗಳನ್ನು ವರ್ಷಗಟ್ಟಲೆ ಅಲ್ಲಿ ಒಣಗಲು ಬಿಡುತ್ತೇವೆ. ಹದಕ್ಕೆ ಬಂದ ಕಾಯಿ ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಲೊಟಲೊಟ ಅನ್ನುತ್ತದೆ. ಹೊಸದಾಗಿ ಹಾಕಿದ್ದಾದರೆ ನೀರು ಕುಲುಕುತ್ತದೆ. ಹೆಣ್ಣಿನ ಕಡೆಯವರು ಕೆಳಗಿನಿಂದ ಕತ್ತೆತ್ತಿ ನೋಡಿ ತೃಪ್ತಿಪಡುವುದು ಉಂಟು. ಹತ್ತಿ ಅಲ್ಲಾಡಿಸಿದವಳು ಇವಳೊಬ್ಬಳೇ. ನಾವೆಲ್ಲ ಕೆಳಗೆ ನಿಂತು ಕುಲುಕುವ ನೀರಿನ ಸದ್ದು ಕೇಳಿಸಿಕೊಂಡೆವು. ಆ ಮೂಲೆ, ಈ ಮೂಲೆ, ಎಲ್ಲ ಕಡೆಯೂ ನೀರೇ. ಲೋಕೇಶ ನೆಲ ನೋಡುತ್ತಿದ್ದ, ನಂಜಮ್ಮನವರ ಮುಖ ಬಿಳಚಿಕೊಂಡಿತ್ತು.

ಬಸ್ಸಿನಲ್ಲಿ ಅತ್ತೆ ತೀರ್ಪು ಕೊಟ್ಟಳು. "ಹಳೇ ಕಾಯಿ ಒಂದೂ ಇಲ್ಲ ಕಣೇ. ನಮ್ಗೆ ತೋರ್ಸಕ್ಕೆ ಯಾರ್ದೋ ತೋಟದ್ದು ತಂದು ಸುರ್ದವ್ರೆ. ಈ ಸಂಬಂಧ ಬ್ಯಾಡ."

ಆ ವಾರವೆಲ್ಲ ನನಗೆ ಅದೇ ಯೋಚನೆ. ಅವಳು ಸಾಕಿದ ಅನುಮಾನ ನನ್ನೊಳಗೂ ಇತ್ತಲ್ಲ, ಇರಬಹುದೇನೋ ಅಂತ ಒಂದು ಮನಸ್ಸು, ಇರಲಾರದು ಅಂತ ಇನ್ನೊಂದು. ಕೊನೆಗೆ ಲೋಕೇಶನಿಗೇ ಫೋನ್ ಮಾಡಿ ನೇರವಾಗಿ ಕೇಳಿದೆ. ಅವನು ಅಂದ: "ಕಾಯಿ ನಮ್ಮವೇ ರೀ. ಹಳೇವನ್ನೆಲ್ಲ ಹದ ಆಗೋ ಮುಂಚೇನೇ ಮಾರಿದ್ವಿ. ಅಮ್ಮನಿಗೆ ಎದೇಲಿ ಗಂಟಾಗಿತ್ತು, ಆಪರೇಷನ್ ಮಾಡ್ಸಿದ್ವಿ. ಕಾಯಿಲೆ ಮನೆ ಅಂತ ಹೆಣ್ಣು ಕೊಡಲ್ಲ ಅಂತ ಅಮ್ಮ ಹೇಳಕ್ಕೆ ಬಿಡ್ಲಿಲ್ಲ."

ಅತ್ತೆಗೆ ಹೇಳಿದೆ. "ನೋಡ್ದಾ? ಮುಚ್ಚಿಟ್ಟವ್ರೆ ಅಂತ ನಾನು ಹೇಳ್ಲಿಲ್ವಾ?" ಅಂತ ಮೊದಲು ಗೆದ್ದಳು. ಮರುಕ್ಷಣವೇ, "ಈ ಆಪರೇಷನ್ ಅನ್ನೋದೂ ಕತೆ ಇರ್ಬೋದು" ಅಂದಳು. ನನಗೆ ಅವತ್ತು ಬಂದ ಸಿಟ್ಟು ಅಷ್ಟಿಷ್ಟಲ್ಲ. "ಥೂ, ನೀನೂ ಒಂದು ಹೆಂಗಸಾ ಅತ್ತೆ?" ಅಂದುಬಿಟ್ಟೆ.

ಬೆಳಿಗ್ಗೆ ಎದ್ದರೆ ಮನೆಯಲ್ಲಿ ಅವಳಿಲ್ಲ. ಯಾರಿಗೂ ಹೇಳದೆ ಮೊದಲ ಬಸ್ಸಿಗೆ ಹೋಗಿದ್ದಾಳೆ ಅಂತ ಪಕ್ಕದ ಮನೆಯವರು ಹೇಳಿದರು. ದೀಪ ಹಚ್ಚುವ ಹೊತ್ತಿಗೆ ವಾಪಸ್ಸು ಬಂದು, ಕಾಲು ತೊಳೆದು, ನಡುಮನೆ ಕಂಬಕ್ಕೆ ಒರಗಿ ಕೂತಳು.

"ಎಲ್ಲಿ ಹೋಗಿದ್ಯಕ್ಕ?" ಅಪ್ಪ ಕೇಳಿದ.

"ನೊಣವಿನಕೆರೆಗೆ. ತೋರ್ಸವ್ವ ಅಂದೆ. ಸೆರಗು ಸರಿಸಿ ತೋರ್ಸಿದ್ಲು." ಅತ್ತೆ ಕಣ್ಣೊರೆಸಿಕೊಂಡಳು. "ಒಂದು ಕಡೆ ಏನೂ ಇಲ್ಲ ಕಣೋ. ಬರೀ ಹೊಲಿಗೆ. ಅಷ್ಟಾದ್ರೂ ಆವತ್ತು ನಮ್ಗೆ ಉಪ್ಪಿಟ್ಟು ಕೆದಕಿ ನಿಂತವ್ಳೆ. ಮದ್ವೆ ಮಾಡ್ರಿ."

ಮದುವೆಯಾಯಿತು. ಅತ್ತೆಯ ಅನುಮಾನ ಮುಗಿಯಿತು ಅಂದುಕೊಂಡರೆ ನಿಮಗೆ ಅವಳು ಗೊತ್ತಿಲ್ಲ. ಆಗಾಗ ನೊಣವಿನಕೆರೆಗೆ ಬಂದು, ನೇರವಾಗಿ ನಂಜಮ್ಮನವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವಳು. "ಮಾತ್ರೆ ನುಂಗಿದೆ ಅಂತೀಯ, ಎಲ್ಲಿ ಪಟ್ಟಿ ತೋರ್ಸು. ಉಂಡೆ ಅಂತೀಯ, ಏನುಂಡೆ?" ಅಂತ ಒಳಗಿಂದ ಗದರುವ ಸದ್ದು ಬರುತ್ತಿತ್ತು. ನನ್ನ ಗಂಡ ನಗುತ್ತಿದ್ದ. ನನಗೆ ಮಾತ್ರ, ಕಾಯಿಲೆಯ ಜೀವವನ್ನು ಹೀಗೆ ವಿಚಾರಣೆ ಮಾಡುತ್ತಾಳಲ್ಲ ಅಂತ ಮುಜುಗರವಾಗುತ್ತಿತ್ತು.

ಕಾಯಿಲೆಯ ನಂಜಮ್ಮನವರು ಉಳಿದರು. ಗಟ್ಟಿಯಿದ್ದ ಗೌರತ್ತೆ ಕಳೆದ ಮಾಗಿಯಲ್ಲಿ, ಹಸು ಕಟ್ಟಿ ಬಂದು ಜಗಲಿಯಲ್ಲಿ ಕೂತವಳು ಹಾಗೇ ಹೋಗಿಬಿಟ್ಟಳು. ಎದೆನೋವು ಅಂದರು. ಅವಳಿದ್ದಿದ್ದರೆ ಅದನ್ನೂ ನಂಬುತ್ತಿರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ನಮ್ಮತ್ತೆ ನಂಜಮ್ಮನವರು ಯಾರು ಕರೆದರೂ ಏಳದೆ ಅದೇ ಜಗಲಿಯಲ್ಲಿ ಕೂತುಬಿಟ್ಟರು. ನಾನು ಹೋಗಿ ಪಕ್ಕದಲ್ಲಿ ಕೂತೆ. ನನ್ನ ಕೈ ಹಿಡಿದುಕೊಂಡು ಅಂದರು: "ನನ್ನ ಅಕ್ಕತಂಗೇರಿಗೆಲ್ಲ ಸಿಂಪಲ್ ಆಪರೇಷನ್ ಅಂತ ಹೇಳಿದ್ದೆ ಕಣಮ್ಮ. ಎಲ್ರೂ ನಂಬ್ಕೊಂಡು ಕಾಪಿ ಕುಡ್ದು ಹೋದ್ರು. ನಂಬ್ದೆ ಗಾಯ ಮುಟ್ಟಿ ನೋಡ್ದೋಳು ಇವಳೊಬ್ಬಳೇ."